ನಾಲ್ಕನೆಯ ಹೆಸರು

"ಇಲ್ಲಿ ನಾಲ್ಕು ಹೆಸರಿದೆ," ಎಂದರು ಮೇಜಿನ ಆಚೆ ಕೂತಿದ್ದ ಹೆಂಗಸು. "ನಿಮ್ಮದು ಕೊನೇದು. ಇದ್ರಲ್ಲಿ ನೀವು ಮಾಡಿದ್ದೇನು, ಸ್ವಲ್ಪ ಹೇಳಿ."

ಮಹ್ರಿತಾ ತನ್ನದೇ ಪ್ರಬಂಧದ ಮೊದಲ ಪುಟವನ್ನು ತಲೆಕೆಳಗಾಗಿ ನೋಡಿದಳು. ಮದುವೆಗಳಿಗೆ ಬಾಡಿಗೆಗೆ ಕೊಡುವ ಹೋಟೆಲಿನ ಸಭಾಂಗಣವನ್ನು ಹಲಗೆಗಳಿಂದ ಭಾಗ ಮಾಡಿ ವಿದ್ಯಾರ್ಥಿವೇತನದ ಸಂದರ್ಶನಕ್ಕೆಂದು ಗೂಡುಗಳನ್ನು ಕಟ್ಟಿದ್ದರು. ಪಕ್ಕದ ಗೂಡಿನಲ್ಲಿ ಯಾರೋ ಒಬ್ಬ, ಪಿಎಚ್‌ಡಿ ಮುಗಿಸಿ ಬಂದಮೇಲೆ ದೇಶಕ್ಕೆ ಏನೇನು ಮಾಡುತ್ತೇನೆಂದು ಬಾಯಿಪಾಠ ಒಪ್ಪಿಸುತ್ತಿದ್ದ. ಏಸಿಯ ಗಾಳಿ ನೇರವಾಗಿ ಅವಳ ಕುತ್ತಿಗೆಗೆ ಬಡಿಯುತ್ತಿತ್ತು. ಪ್ರಶ್ನೆ ಕೇಳಿದವರು ಜಾವಾದಿಂದ ಬಂದ ಪ್ರೊಫೆಸರ್. ಮುಖದಲ್ಲಿ ದರ್ಪವಿರಲಿಲ್ಲ. ಉತ್ತರ ಬರುವವರೆಗೂ ಕಾಯುತ್ತೇನೆ ಎನ್ನುವಂತೆ ಪೆನ್ನನ್ನು ಕೆಳಗಿಟ್ಟಿದ್ದರು.

ಉತ್ತರ ಸುಲಭದ್ದಾಗಿತ್ತು. ಎಲ್ಲವೂ ನಾನೇ.

ಬಂಜಾರ್ಮಾಸಿನ್ ನಗರದಿಂದ ಕೆಳಗೆ, ಬಾರಿತೋ ನದಿಯ ಉಬ್ಬರ ಇಳಿತಗಳು ಕಾಲುವೆಗಳಲ್ಲಿ ನುಗ್ಗಿ ಹಿಂದೆ ಸರಿಯುವ ಗದ್ದೆಗಳಲ್ಲಿ, ವರ್ಷಗಟ್ಟಲೆ ಪರೀಕ್ಷೆಗೆ ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡು ಬಂದವಳು ಅವಳು. ಚಹಾದ ಬಣ್ಣದ ಹುಳಿ ನೀರು ಅದು. ಪೈರಿನ ಬೇರನ್ನೇ ಸುಡುತ್ತದೆ. ಯಾವ ಕಾಲುವೆಯ ಹುಳಿ ಯಾವ ತಿಂಗಳ ಉಬ್ಬರಕ್ಕೆ ತೊಳೆದುಹೋಗುತ್ತದೆ, ಎಲ್ಲಿ ನಾಟಿಗೆ ಕಾಯಬೇಕು, ಎಲ್ಲಿ ಕಾಯಬಾರದು ಎಂದು ಅವಳು ಕಂಡುಕೊಂಡಿದ್ದಳು. ಮಗಳು ಹೊಟ್ಟೆಯಲ್ಲಿದ್ದಾಗಲೂ ದೋಣಿಯ ಅಂಚಿಗೆ ಬಗ್ಗಿ ಬಾಟಲಿ ತುಂಬಿದ್ದಳು. ಪ್ರಯೋಗಾಲಯದಲ್ಲಿ ಪರೀಕ್ಷೆ, ಲೆಕ್ಕ, ನಕ್ಷೆ, ಇಂಗ್ಲಿಷಿನ ಒಂದೊಂದು ವಾಕ್ಯ ಎಲ್ಲವೂ ಅವಳದೇ.

ಹೆಸರುಗಳನ್ನು ಈ ಕ್ರಮದಲ್ಲಿ ಕೂರಿಸಿದವಳೂ ಅವಳೇ.

ಮೊದಲನೆಯದು ಡೀನ್ ಸಹ್ರಾನಿಯವರದು; ಗೌರವಕ್ಕೆ ಎಲ್ಲರೂ ಅವರನ್ನು ಪಾಕ್ ಎನ್ನುತ್ತಿದ್ದರು. ಆ ಗದ್ದೆಗಳನ್ನು ಅವರು ವಿಮಾನದ ಕಿಟಕಿಯಿಂದಷ್ಟೇ ಕಂಡಿದ್ದರು. ಎರಡನೆಯದು ಅವರ ಅಳಿಯ ರಿಫಾನಿಯದು. ಅವಳಿಗಿಂತ ಚಿಕ್ಕ ಉಪನ್ಯಾಸಕ, ಒಮ್ಮೆ ಕ್ಯಾಮರಾ ಹಿಡಿದುಕೊಂಡು ದೋಣಿ ಹತ್ತಿದ್ದ. ಮೂರನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಇವರಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಕೂತ ಹಿರಿಯರ ಮುಂದೆ ಹಾದುಹೋಗುವಾಗ ಬೆನ್ನು ಬಗ್ಗಿಸಿ, ಬಲಗೈಯನ್ನು ನೆಲದತ್ತ ಚಾಚಿ, ದಾರಿ ಬೇಡುತ್ತ ನಡೆಯುವುದಿಲ್ಲವೇ, ಹಾಗೇ ಅವಳ ಬೆರಳುಗಳು ತಾವಾಗಿಯೇ ಆ ಹೆಸರುಗಳನ್ನು ಮುಂದೆ ಬಿಟ್ಟು ತನ್ನದನ್ನು ಹಿಂದೆ ತಂದಿದ್ದವು.

"ಇನ್ನೂ ಜಾಗ ಇದೆ ನೋಡು," ಎಂದಿದ್ದ ಗಂಡ ಆರ್ದಾನಿ, ಹೆಗಲ ಮೇಲಿಂದ ಕಂಪ್ಯೂಟರಿನ ಪರದೆ ಇಣುಕಿ. "ಕ್ಯಾಂಟೀನಿನವನದ್ದೂ ಸೇರಿಸಿಬಿಡು. ಪಾಪ, ದಿನಾ ಚಾ ಕೊಡ್ತಾನೆ."

"ನಿಮಗೆ ಗೊತ್ತಾಗಲ್ಲ. ದೊಡ್ಡವರು ಇರುವಾಗ ನಾನೊಬ್ಬಳೇ ಮುಂದೆ ಹೋಗಿ ನಿಂತರೆ ಚೆನ್ನಾಗಿರುತ್ತಾ?"

"ಗದ್ದೇಲಿ ಒಬ್ಬಳೇ ನಿಂತಾಗ ಚೆನ್ನಾಗಿತ್ತಾ?"

ಪಾಕ್ ಸಹ್ರಾನಿ ಅಚ್ಚಾದ ಪ್ರಬಂಧ ನೋಡಿ, "ಅಯ್ಯೋ, ಇದೆಲ್ಲ ಯಾಕಮ್ಮಾ," ಎಂದು ನಕ್ಕಿದ್ದರು. ಆ ನಗು ತುಂಬಾ ದಿನ ಅವಳ ಜೊತೆಗಿತ್ತು. ವಿದ್ಯಾರ್ಥಿವೇತನಕ್ಕೆ ಶಿಫಾರಸು ಕೇಳಲು ಹೋದಾಗ ಅದೇ ನಗುವಿನಲ್ಲಿ ಸಹಿ ಹಾಕಿದರು. ಇವತ್ತು ತಮ್ಮದೇ ಕಾರಿನಲ್ಲಿ ಅವಳನ್ನೂ ರಿಫಾನಿಯನ್ನೂ ಕರೆದುಕೊಂಡು ಬಂದು, ಹೋಟೆಲಿನ ಲಾಬಿಯಲ್ಲಿ ಕಾಯುತ್ತಿದ್ದರು.

"ನಿಮಗಿಂತ ಮುಂಚೆ ಬಂದಿದ್ದ ಹುಡುಗನೂ ಇದೇ ಪ್ರಬಂಧ ತೋರಿಸಿದ," ಎಂದರು ಪ್ರೊಫೆಸರ್. "ಯೋಜನೆ ತಾನೂ ತನ್ನ ಮಾವನೂ ಹಾಕಿದ್ದು ಅಂದ. ಚೆನ್ನಾಗೇ ಮಾತಾಡಿದ. ಈಗ ನೀವೂ ಇದನ್ನೇ ತಂದಿದ್ದೀರಿ. ಅದಕ್ಕೇ ಕೇಳ್ತಿದ್ದೀನಿ."

ಮಹ್ರಿತಾ ಬಾಯಿ ತೆರೆದಳು. ಎಲ್ಲ ನಾನೇ ಎಂದರೆ ಪಾಕ್ ಸುಳ್ಳರಾಗುತ್ತಾರೆ. ಅವರು ಸಹಿ ಮಾಡಿದ ಶಿಫಾರಸು ಅದೇ ಮೇಜಿನ ಮೇಲಿದೆ. ಅವರು ಸುಳ್ಳರಾದರೆ ಅದೂ ಸುಳ್ಳು. ಸರಿ, ಹೆಸರು ಹಾಕಿದ್ದು ಯಾರು ಎಂದು ಇವರು ಕೇಳಿದರೆ?

"ಪಾಕ್ ಸಹ್ರಾನಿಯವರ ಮಾರ್ಗದರ್ಶನದಲ್ಲಿ ನಡೀತು, ಬು," ಎಂದಳು, ಅಮ್ಮನವರೇ ಎನ್ನುವ ಗೌರವದಲ್ಲಿ. "ನಾನು ನೀರಿನ ಮಾದರಿ ತರೋದಕ್ಕೆ ಸಹಾಯ ಮಾಡಿದೆ."

"ಸಹಾಯ."

"ಹೌದು, ಬು."

ಪ್ರೊಫೆಸರ್ ಪೆನ್ನು ಎತ್ತಿಕೊಂಡರು. ಬರೆಯಲಿಲ್ಲ. "ಇನ್ನೊಂದು ಸಲ ಕೇಳ್ತೀನಿ ತಾಯಿ. ನಿಧಾನ ಹೇಳಿ. ಈ ನಕ್ಷೆ ಇದೆಯಲ್ಲ, ಇದನ್ನ ಹೀಗೆ ಮಾಡಬೇಕು ಅಂತ ಯಾರಿಗೆ ಹೊಳೀತು?"

ಒಂದು ಸಂಜೆ ಮಳೆಗೆ ಸಿಕ್ಕಿ ದೋಣಿಯ ಚಾವಣಿಯ ಕೆಳಗೆ ಮುದುಡಿ ಕೂತಿದ್ದಾಗ ಅವಳಿಗದು ಹೊಳೆದಿತ್ತು. ಖುಷಿಗೆ ತನ್ನಷ್ಟಕ್ಕೇ ಜೋರಾಗಿ ನಕ್ಕಿದ್ದಳು.

"ಎಲ್ಲರೂ ಸೇರಿ ಮಾಡಿದ್ದು," ಎಂದಳು.

ಪ್ರೊಫೆಸರ್ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಸಂದರ್ಶಕರು ಅರ್ಜಿಯಲ್ಲಿ ಅವಳ ವಯಸ್ಸು ನೋಡಿ, ಈ ಸಲ ಆಗದಿದ್ದರೆ ಎಂದು ಕೇಳಿದರು. ಮುಂದಿನ ವರ್ಷ ವಯಸ್ಸು ಮೀರುತ್ತದೆ ಎಂದಳು. ಇದಕ್ಕೆ ಮಾತ್ರ ಅವಳು ತಡವರಿಸಲಿಲ್ಲ. ಪ್ರೊಫೆಸರ್ ಈಗ ಬರೆದುಕೊಂಡರು.

ಲಾಬಿಯಲ್ಲಿ ಪಾಕ್ ಸಹ್ರಾನಿ ತಿಂಡಿಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. "ಬಾರಮ್ಮಾ, ತಿನ್ನು. ಇದ್ರಲ್ಲಿ ಕೋಳಿ ತುಂಬಿದ್ದಾರೆ, ಪರವಾಗಿಲ್ಲ. ಹೇಗಾಯ್ತು?"

"ಚೆನ್ನಾಗಾಯ್ತು, ಪಾಕ್."

"ನನ್ನ ಹೆಸರು ಹೇಳಿದೆಯೋ ಇಲ್ಲವೋ?"

"ಹೇಳಿದೆ, ಪಾಕ್."

"ಮತ್ತೇನು," ಎಂದು ಅವರು ಅಳಿಯನ ಕಡೆ ನೋಡಿದರು.

ರಿಫಾನಿ ಟೈ ಸಡಿಲಿಸಿಕೊಂಡು ಅವಳ ಪಕ್ಕಕ್ಕೆ ಬಂದು ಕೂತ. ಅವನಲ್ಲಿ ಕೆಟ್ಟತನವಿರಲಿಲ್ಲ, ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. "ಅಕ್ಕ, ಬರೀ ನೀರಿನ ಬಗ್ಗೇನೇ ಕೇಳಿದ್ರು ಮಾರಾಯ್ರೆ. ಆವತ್ತು ದೋಣೀಲಿ ನೀವು ಹೇಳಿದ್ರಲ್ಲ, ಕಾಲುವೆ ತುದೀಲಿ ಹುಳಿ ಯಾಕೆ ನಿಲ್ಲುತ್ತೆ ಅಂತ, ಪೂರ್ತಿ ಹಾಗೇ ಹೇಳ್ಬಿಟ್ಟೆ. ಜಿಗಣೆ ಕಥೆನೂ ಹೇಳಿದೆ. ನಗಾಡಿದ್ರು."

"ಜಿಗಣೆ ನನ್ನ ಕಾಲಿಗೆ ಹತ್ತಿದ್ದು."

"ಗೊತ್ತು. ನನಗೆ ಅಂತ ಹೇಳ್ದೆ. ಬೇಜಾರಿಲ್ಲ ತಾನೆ?"

"ಇಲ್ಲ," ಎಂದು ಮಹ್ರಿತಾ ಕೋಳಿಯ ತಿಂಡಿ ಕಚ್ಚಿದಳು.

ಫಲಿತಾಂಶ ಬಂದಾಗ ಅವಳು ಪ್ರಯೋಗಾಲಯದಲ್ಲಿದ್ದಳು. ಫೋನಿನ ಪರದೆಯ ಮೇಲೆ ಸರ್ಕಾರದ ಲಾಂಛನ, ಅದರ ಕೆಳಗೆ ಕ್ಷಮೆ ಕೋರುವ ಎರಡು ಸಾಲು. ಕಾರಿಡಾರಿನಲ್ಲಿ ಆಗಲೇ ಯಾರೋ ರಿಫಾನಿಯ ಬೆನ್ನು ತಟ್ಟುವ ಸದ್ದು ಕೇಳುತ್ತಿತ್ತು. ಅವಳು ಎದ್ದುಹೋಗಿ ಅಭಿನಂದಿಸಿದಳು. ಕೈಕುಲುಕಿದಾಗ ಅವನು ಅವಳ ಕೈಯನ್ನು ಹಣೆಗೆ ಒತ್ತಿಕೊಂಡ, ಚಿಕ್ಕವರು ದೊಡ್ಡವರಿಗೆ ಮಾಡುವ ಹಾಗೆ.

ಮನೆಯಲ್ಲಿ ಆರ್ದಾನಿ ಮಗಳ ಶಾಲೆಯ ಬೂಟು ತೊಳೆಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು, ಅದುವರೆಗೆ ಹೇಳದಿದ್ದ ಆ ಒಂದು ಮಾತನ್ನೂ ಸೇರಿಸಿ.

"ಸಹಾಯ ಅಂದೆಯಾ?"

"ಪಾಕ್ ಹೊರಗೆ ಕೂತಿದ್ರು."

"ಹೊರಗೆ ತಾನೆ?"

ಅವನು ಬೂಟನ್ನು ಕುಟ್ಟಿ ನೀರು ಕೆಡವಿ ಬಿಸಿಲಿಗಿಟ್ಟ. ಆಮೇಲೆ, "ಊಟ ಮಾಡು," ಎಂದ. ಅವನು ಬೈದಿದ್ದರೆ ತಾನೂ ಜಗಳವಾಡಬಹುದಿತ್ತು ಎಂದು ಅವಳಿಗೆ ಅನ್ನಿಸಿತು.

ರಿಫಾನಿ ನೆದರ್ಲೆಂಡಿಗೆ ಹೊರಡುವ ಮುಂಚಿನ ಶುಕ್ರವಾರ ಡೀನ್ ಮನೆಯಲ್ಲಿ ಪ್ರಾರ್ಥನೆಯೂ ಊಟವೂ ಇತ್ತು. ಮಹ್ರಿತಾ ಬೆಳಿಗ್ಗೆಯೇ ಹೋಗಿ ವಿಭಾಗದ ಇತರ ಹೆಂಗಸರೊಡನೆ ಅರಿಸಿನದ ಅಂಟಕ್ಕಿ ಅನ್ನ ಬೇಯಿಸಿದಳು. ಕೈ ಹಳದಿಯಾಗಿತ್ತು. ಪ್ರಾರ್ಥನೆ ಮುಗಿದು ಗಂಡಸರು ಚಾಪೆಯ ಮೇಲೆ ಊಟಕ್ಕೆ ಕೂತಾಗ ಅವಳು ತಟ್ಟೆ ಹಿಡಿದು, ಬೆನ್ನು ಬಗ್ಗಿಸಿ, ಸಾಲುಗಳ ನಡುವೆ ಹಾದುಹೋದಳು. ಪಾಕ್ ಸಹ್ರಾನಿ ಅವಳನ್ನು ತಡೆದರು.

"ಇವಳು ನಮ್ಮ ಮಹ್ರಿತಾ," ಎಂದರು ಪಕ್ಕದ ಅತಿಥಿಗೆ. "ತುಂಬ ಒಳ್ಳೆ ಹುಡುಗಿ. ದುರಾಸೆ ಅನ್ನೋದೇ ಇಲ್ಲ." ಆಮೇಲೆ ಅವಳ ಕಡೆ ತಿರುಗಿ, "ನೋಡಮ್ಮಾ, ರಿಫಾನಿ ನೆದರ್ಲೆಂಡಿನಲ್ಲಿ ಕೂತ್ಕೊಂಡು ಲೆಕ್ಕ ಮಾಡ್ತಾನೆ. ಆದ್ರೆ ನೀರು ಇಲ್ಲಿದೆಯಲ್ಲ? ತಿಂಗಳು ತಿಂಗಳು ತೆಗೆದು ಕಳಿಸೋರು ಬೇಕು. ನೀನು ಮಾಡಿದ್ರೆ ನನಗೆ ನಿಶ್ಚಿಂತೆ."

"ಆಗಲಿ, ಪಾಕ್."

"ಹೆಸರು ಹಾಕ್ತಾನೆ ಬಿಡು. ಮರೆಯೋ ಹುಡುಗ ಅಲ್ಲ."

"ಅಕ್ಕ, ಕಾಲುವೆ ತುದಿದು ಮಾತ್ರ ಬಿಡ್ಬೇಡಿ," ಎಂದ ರಿಫಾನಿ ಬಾಯಲ್ಲಿ ಅನ್ನ ಇಟ್ಟುಕೊಂಡೇ. "ಅದೇ ಮುಖ್ಯ ಅಂತ ನೀವೇ ಹೇಳಿದ್ರಿ."

"ಬಿಡಲ್ಲ," ಎಂದಳು.

ಅವನು ಹೋದ ತಿಂಗಳೇ ಅವಳು ದೋಣಿಗೆ ಹೇಳಿಕಳಿಸಿದಳು. ಅಮಾಂಗ್ ಹದ್ರಿ ಎಷ್ಟೋ ವರ್ಷಗಳಿಂದ ಅವಳನ್ನು ಕರೆದೊಯ್ಯುತ್ತಿದ್ದ ಅಂಬಿಗ; ಚಿಕ್ಕಪ್ಪ ಎನ್ನುವ ಹಾಗೆ ಅವಳು ಅವನನ್ನು ಅಮಾಂಗ್ ಎನ್ನುತ್ತಿದ್ದಳು. ಬೆಳಗಿನ ಉಬ್ಬರಕ್ಕೆ ಸರಿಯಾಗಿ ದೋಣಿಯನ್ನು ಹಳ್ಳಿಯ ಕಟ್ಟೆಗೆ ತಂದು ನಿಲ್ಲಿಸಿದ್ದ. ಇಲ್ಲಿಂದ ಕಾಲುವೆಗಳು ಕೈಬೆರಳುಗಳ ಹಾಗೆ ಒಡೆದುಕೊಂಡು ಗದ್ದೆಗಳೊಳಗೆ ಹೋಗುತ್ತಿದ್ದವು. ಎಲ್ಲ ಮುಗಿಸಿ ಮರಳುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ಅಮಾಂಗ್ ಚಾಲೂ ಮಾಡಲು ಎಂಜಿನ್ನಿಗೆ ಹಗ್ಗ ಸುತ್ತಿದ.

"ಇರಿ, ಅಮಾಂಗ್," ಎಂದಳು.

ಮಂಜುಗಡ್ಡೆಯ ಪೆಟ್ಟಿಗೆ ತೆರೆದು ಬಾಟಲಿಗಳನ್ನು ಹೊರಗಿಟ್ಟಳು. ಒಂದೊಂದಕ್ಕೂ ಚೀಟಿ ಬರೆದಳು: ಮೊದಲ ಕಾಲುವೆ, ಅದರ ನಡು, ಅದರ ತುದಿ, ಎರಡನೆಯ ಕಾಲುವೆ. ಅಕ್ಷರ ದುಂಡಗೆ ಬಂತು. ಆಮೇಲೆ ಅಂಗಿಯ ತೋಳು ಮಡಚಿ, ಅಲ್ಲೇ ಕಟ್ಟೆಯ ಪಕ್ಕದಲ್ಲಿ, ಮೊದಲ ಬಾಟಲಿಯನ್ನು ನೀರಿಗಿಳಿಸಿದಳು. ಅಭ್ಯಾಸದಂತೆ ಅದೇ ನೀರಿನಲ್ಲಿ ಜಾಲಿಸಿ ಚೆಲ್ಲಿ ಮತ್ತೆ ತುಂಬಿದಳು. ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಳ ತಿರುಗಿಸಿ, ಚೀಟಿ ಅಂಟಿಸಿ ಪೆಟ್ಟಿಗೆಗೆ ಸೇರಿಸಿದಳು. ಎರಡನೆಯದನ್ನು ತೆಗೆದುಕೊಂಡಳು.

ಅಮಾಂಗ್ ಹದ್ರಿ ಹಗ್ಗ ಹಿಡಿದುಕೊಂಡೇ ಇದ್ದ. "ಒಳಗೆ ಹೋಗೋದಿಲ್ವಾ ಇವತ್ತು?"

"ಇಲ್ಲ."

"ಹುಷಾರಿಲ್ವೇನಮ್ಮಾ?"

"ಹುಷಾರಾಗಿದ್ದೀನಿ. ನೀವು ಚಾ ಕುಡಿದು ಬನ್ನಿ. ದುಡ್ಡು ಪೂರ್ತಿ ದಿನದ್ದೇ ಕೊಡ್ತೀನಿ."

ಅವನು ಬಾಟಲಿಗಳನ್ನೂ ಅವಳನ್ನೂ ನೋಡಿ, ಹಗ್ಗ ಬಿಟ್ಟು ಕಟ್ಟೆ ಹತ್ತಿದ.

ಪಕ್ಕದ ತೆಪ್ಪದ ಮೇಲೆ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಸೋಪಿನ ನೊರೆ ಉಬ್ಬರಕ್ಕೆ ಸಿಕ್ಕಿ ದೋಣಿಯ ಸುತ್ತ ತಿರುಗುತ್ತಿತ್ತು. ಆ ಹೆಂಗಸು ಸ್ವಲ್ಪ ಹೊತ್ತು ನೋಡಿ, ಒಗೆಯುವುದು ನಿಲ್ಲಿಸಿ ಕೇಳಿದಳು.

"ಕುಡಿಯೋಕಾ, ಅದು?"

"ಅಲ್ಲ."

"ಮತ್ತೆ?"

"ನೆದರ್ಲೆಂಡಿಗೆ."

ಹೆಂಗಸು ನಕ್ಕಳು. ನಗುತ್ತಲೇ ಗಂಡನ ಅಂಗಿಯನ್ನು ಹಲಗೆಗೆ ಬಡಿದಳು. ಮಹ್ರಿತಾ ಕಾಲುವೆಯ ತುದಿ ಎಂದು ಚೀಟಿ ಬರೆದಿಟ್ಟಿದ್ದ ಬಾಟಲಿಯನ್ನು ಎತ್ತಿಕೊಂಡು, ನೊರೆಯನ್ನು ಅಂಗೈಯಿಂದ ಮೆಲ್ಲಗೆ ಸರಿಸಿ, ಅದನ್ನು ನೀರಿಗಿಳಿಸಿದಳು.