ಎದೆಪಟ್ಟಿ

ಬೆರಳುಗಳು ಮಾತ್ರ ಕಾಣುತ್ತಿವೆ, ದಪ್ಪ ಗುಂಡು ಗಾಜಿನ ಆಚೆ ಕೈಗವಸಿನ ಐದು ಬೆರಳು, ಬಿಳಿ, ಉಬ್ಬಿಕೊಂಡು, ಒಂದಕ್ಕೊಂದು ತಾಗದಂತೆ ಸೆಟೆದು ನಿಂತಿವೆ, ಆದರೆ ಅವುಗಳೊಳಗೆ ಬೆರಳಿಲ್ಲ ಎಂದು ರಿಮ್ಮಾ ಗೆರಾಸಿಮೊವ್ನಾಗೆ ಗೊತ್ತು, ತೋಳು ಹೀಗೆ ಹಿಂದಕ್ಕೆ ಸೆಳೆದಾಗ ತಾರಾಸನ ಬೆರಳುಗಳು ಜಾರಿ ಅಂಗೈಯ ಜಾಗದಲ್ಲಿ ಮುದುಡಿಕೊಂಡಿರುತ್ತವೆ, ಗವಸು ತಾನೊಂದೇ ನಿಂತಿರುತ್ತದೆ — ಏನಾಯಿತು, ಈಗ ತಾನೇ ಕುರ್ಚಿಯಿಂದ ಎದ್ದನಲ್ಲ, ಎದ್ದು ತಲೆಯ ಮೇಲಿನ ಚಕ್ರ ತಿರುಗಿಸಬೇಕಿತ್ತು, ಅಷ್ಟೇ ಪರೀಕ್ಷೆ, ಗಾಳಿ ತೆಗೆದ ಕೋಣೆಯಲ್ಲಿ ಒಬ್ಬ ಮನುಷ್ಯ ಗಾಳಿ ತುಂಬಿದ ಈ ಅಂತರಿಕ್ಷದ ಉಡುಪು ತೊಟ್ಟು ಕೈ ಮೇಲೆತ್ತಬಲ್ಲ ಎಂದು ತೋರಿಸುವುದು, ಅದಕ್ಕೆಂದೇ ಅವಳು ಆ ಭುಜವನ್ನು ಹೊಲಿಸಿದ್ದು, ಬಿಚ್ಚಿಸಿದ್ದು, ಮತ್ತೆ ಹೊಲಿಸಿದ್ದು, ಅವನು ಎದ್ದ, ಪೂರ್ತಿ ಏಳಲಿಲ್ಲ, ಕೊಕ್ಕೆಯಂತೆ ಬಾಗಿಕೊಂಡೇ ಎದ್ದ, ತೋಳು ಕಿವಿಯ ಮಟ್ಟಕ್ಕೆ ಹೋಗಿ ನಿಂತುಬಿಟ್ಟಿತು, ಇನ್ನೊಮ್ಮೆ ಬಲ ಹಾಕಿದ, ಮುಗ್ಗರಿಸಿ ಮುಂದಕ್ಕೆ ಬಿದ್ದ, ಉಸಿರಿನ ಕೊಳವೆ ಎದೆಯ ಕೆಳಗೆ ಸಿಕ್ಕಿಕೊಂಡಿತು. ಗಾಳಿ ಬಿಡಿ, ಬೇಗ ಒಳಗೆ ಗಾಳಿ ಬಿಡಿ, ಇದು ಡಾಕ್ಟರ್ ಇಲರಿಯೋನ್ ಪೆತ್ರೊವಿಚ್, ಯಾವತ್ತೂ ದನಿ ಏರಿಸದ ಮನುಷ್ಯ, ಮೈಕಿಗೆ ಬಾಯಿ ಅಂಟಿಸಿ, ತಾರಾಸ್, ಕೇಳ್ತಾ ಇದೀಯಾ, ಎಡಕ್ಕೆ ಮಗ್ಗುಲಾಗು ಮಾರಾಯ, ಕೊಳವೆ ಮೇಲೆ ಬಿದ್ದಿದೀಯ — ಸ್ಪೀಕರಿನಲ್ಲಿ ಅವನ ಉಸಿರಿನ ಸದ್ದು, ಆಮೇಲೆ ಉಸಿರಿನ ಸದ್ದೂ ಇಲ್ಲ, ಒತ್ತಡ ತೋರಿಸುವ ಗಡಿಯಾರದಂಥ ಆ ತಟ್ಟೆಯ ಮೇಲೆ ಮುಳ್ಳು ಎಷ್ಟು ನಿಧಾನ, ಯಾಕೆ ಇಷ್ಟು ನಿಧಾನ, ಐದು ಬೆರಳು, ಸೆಟೆದು.

ಭುಜ ತಪ್ಪಲಿಲ್ಲ, ಭುಜ ತಪ್ಪಲಾರದು, ನಿನ್ನೆ ಇದೇ ಉಡುಪಿನಲ್ಲಿ ಅವನು ಎರಡೂ ಕೈ ಎತ್ತಿ ಕುಣಿದು ತೋರಿಸಿದ್ದ, ಹಳೇ ಉಡುಪು ನಮ್ಮತ್ತೆ ಥರ ಇತ್ತು ರಿಮ್ಮಾ ಗೆರಾಸಿಮೊವ್ನಾ, ಕೈ ಎತ್ತೋಕೇ ಬಿಡ್ತಿರಲಿಲ್ಲ, ಇದು ನೋಡಿ, ನಮ್ಮಾವನ ಥರ, ಹೇಳಿದ ಕಡೆ ಬಾಗತ್ತೆ, ಹೊಲಿಗೆಯ ಹೆಂಗಸರು ಸೂಜಿ ಬಿಟ್ಟು ನಕ್ಕಿದ್ದರು, ಪೊಲ್ತಾವದ ಮಾತುಗಾರ, ಮದುವೆಮನೆಯಲ್ಲಿ ಇರಬೇಕಾದವನು ಈ ಕಬ್ಬಿಣದ ಕೋಣೆಗೆ ಬಂದು ಸೇರಿಕೊಂಡಿದ್ದಾನೆ. ಗಾಳಿ ತುಂಬಿದ ಚೀಲ ಬಾಗಲು ಒಪ್ಪುವುದಿಲ್ಲ, ಸೈಕಲ್ ಟ್ಯೂಬನ್ನು ಮಡಿಸಿ ನೋಡಿದವರಿಗೆಲ್ಲ ಗೊತ್ತು, ಒಂದು ಮಗ್ಗುಲು ಮುಚ್ಚಿದಷ್ಟೇ ಇನ್ನೊಂದು ಮಗ್ಗುಲು ತೆರೆಯಬೇಕು, ಒಳಗಿನ ಗಾಳಿಗೆ ಏನೂ ಆಗಿಲ್ಲ ಅನ್ನಿಸಬೇಕು, ಅದನ್ನು ಅವಳು ಕಲಿತದ್ದು ನಾದಿನಿಯ ಮನೆಯಲ್ಲಿ, ಮೇಜಿನ ಮೇಲೆ ಕೆಂಪಗೆ ಬೆಂದ ಹೊಳೆ ಸೀಗಡಿಯ ರಾಶಿ, ಸಬ್ಬಸಿಗೆಯ ವಾಸನೆ, ಬಿಯರು, ಎಲ್ಲರೂ ಸುಲಿದು ತಿನ್ನುತ್ತಿದ್ದಾಗ ಅವಳು ಒಂದೇ ಒಂದರ ಬಾಲವನ್ನು ಬಗ್ಗಿಸುತ್ತ ಬಿಡಿಸುತ್ತ ಕೂತಿದ್ದಳು, ಚಿಪ್ಪಿನ ಬಳೆಗಳು ಒಂದರೊಳಗೊಂದು ಸರಿಯುತ್ತಿದ್ದವು, ನಾದಿನಿ ಅಂದಳು, ತಿನ್ನೇ, ಅದು ಸತ್ತು ಆಯ್ತು, ಎಷ್ಟು ಕುಣಿಸ್ತೀಯ — ಸತ್ತು ಆಯ್ತು, ಈ ಮಾತು ಈಗ ಯಾಕೆ ಬಂತು, ಬೇಡ, ಮುಳ್ಳು ನೋಡು, ಮುಳ್ಳು ಏರುತ್ತಿದೆ, ಗವಸಿನ ಕಿರುಬೆರಳು ಸ್ವಲ್ಪ ಬಾಗಿದಂತಿದೆ, ಉಡುಪಿನ ಹೊರಗೆ ಗಾಳಿ ಸೇರುತ್ತಿದ್ದಂತೆ ಉಬ್ಬರ ಇಳಿಯುತ್ತದೆ ಅಷ್ಟೇ, ಅದು ಅವನಲ್ಲ. ಭುಜ ತಪ್ಪಲಿಲ್ಲವಾದರೆ ಅವನು ಬಾಗಿ ಎದ್ದದ್ದು ಯಾಕೆ, ಯಾರೋ ಶಿರಸ್ತ್ರಾಣ ಕೂರುವ ಕೊರಳಬಳೆಯನ್ನು ಕೆಳಕ್ಕೆ ಜಗ್ಗಿ ಹಿಡಿದ ಹಾಗೆ, ಇಡೀ ಮುಂಡ ಕೆಳಗಿಳಿದು ಭುಜವೇ ತನ್ನ ಜಾಗದಲ್ಲಿ ಇಲ್ಲದ ಹಾಗೆ — ಎದೆಪಟ್ಟಿ.

ಎದೆಪಟ್ಟಿ. ಅವಳ ಬಲಗೈ ತಣ್ಣಗಾಯಿತು, ಮೊದಲು ಕೈಗೆ ಗೊತ್ತಾಯಿತು. ಶಿರಸ್ತ್ರಾಣ ಮೇಲೇಳದಂತೆ ಕೊರಳಬಳೆಯನ್ನು ಕೆಳಗೆ ಹಿಡಿಯುವ ಪಟ್ಟಿ, ಅವನನ್ನು ನಿಲ್ಲಿಸಿಯೇ ಬಿಗಿದಿದ್ದರು, ಸರಿಯಾಗಿತ್ತು, ಡಾಕ್ಟರೂ ಬೆರಳು ತೂರಿಸಿ ನೋಡಿದ್ದರು, ಆಮೇಲೆ ಎಲ್ಲರೂ ಕೂತರು, ಯಾರು ಎಲ್ಲಿಗೆ ಹೊರಟರೂ ಹೊರಡುವ ಮುಂಚೆ ಶಕುನ ಕೆಡದಿರಲೆಂದು ಒಂದು ಗಳಿಗೆ ಮಾತಿಲ್ಲದೆ ಕೂರುತ್ತಾರಲ್ಲ ಹಾಗೆ, ರಜೆಗೆ ಕ್ರಿಮಿಯಾಕ್ಕೆ ಹೊರಟಾಗ ಅಪ್ಪ ಪೆಟ್ಟಿಗೆಯ ಮೇಲೆ ಕೂರುತ್ತಿದ್ದಂತೆ, ಇಲ್ಲಿ ಕೋಣೆಯ ಬಾಗಿಲ ಮುಂದಿನ ಬೆಂಚಿನಲ್ಲಿ, ಇಂಜಿನಿಯರಾದ ಅವಳು, ಡಾಕ್ಟರು, ಉಡುಪು ತೊಟ್ಟವನು, ಕಿಟಕಿಯಾಚೆ ಕರಗುವ ಹಿಮ ತೊಟ್ಟಿಕ್ಕುತ್ತಿತ್ತು, ಮತ್ತು ಕೂತವನ ಎದೆಯ ಮೇಲೆ ಪಟ್ಟಿ ಸಡಿಲವಾಗಿ ಜೋತುಬಿತ್ತು. ಕೂತರೆ ಸಡಿಲವಾಗುತ್ತದೆ, ಆಗಲೇಬೇಕು, ಎದ್ದರೆ ಮತ್ತೆ ಬಿಗಿಯುತ್ತದೆ, ಅದು ಅವಳಿಗೆ ಬರೀ ಗೊತ್ತಿರುವುದಲ್ಲ, ಅವಳೇ ಬೇರೆಯವರಿಗೆ ಕಲಿಸಿದ್ದು, ಆದರೂ ಹೋದ ಚಳಿಗಾಲದ ಆ ಉಡುಪು, ಗಾಳಿ ತುಂಬಿದೊಡನೆ ಶಿರಸ್ತ್ರಾಣ ಮೇಲೆದ್ದು ತಾರಾಸನ ಕಣ್ಣಿಗೆ ಬರೀ ಕೊರಳಬಳೆ ಕಂಡದ್ದು, ಅವನು ಒಳಗಿಂದ ಇಲ್ಲಿ ಸೂರ್ಯ ಮುಳುಗಿದ ರೀ ಅಂದದ್ದು, ಆ ಭಯ ಅವಳ ಬೆರಳಲ್ಲೇ ಉಳಿದಿತ್ತು, ಜೋಲುವ ಪಟ್ಟಿ ಕಂಡ ಕೈ ಚಾಚಿತು, ಎಳೆಯಿತು, ಎರಡು ತೂತು, ಮಗುವಿನ ಕೋಟಿನ ಗುಂಡಿ ಹಾಕುವ ಹಾಗೆ, ಯೋಚನೆ ಬರುವ ಮೊದಲೇ, ಆಮೇಲೆ ಡಾಕ್ಟರು ಎದ್ದು ಸರಿ, ದೇವರಿದ್ದಾನೆ ಅಂದರು, ಕಮ್ಯುನಿಸ್ಟ್ ಪಾರ್ಟಿ ಸದಸ್ಯ, ಆದರೂ ಪ್ರತಿಸಲ ಹಾಗೇ ಅನ್ನುತ್ತಾರೆ, ಬಾಗಿಲು ಮುಚ್ಚಿತು.

ಬಾಗಿಲು ತೆರೆದಿದೆ. ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು, ಅವಳೂ ಹಿಂದೆ ಒಳಗೆ ಹೋದಳು, ನೆಲದ ಮೇಲೆ ಅವನನ್ನು ಅಂಗಾತ ಮಾಡಿದ್ದಾರೆ, ಶಿರಸ್ತ್ರಾಣ ತೆಗೆದಿದ್ದಾರೆ, ತುಟಿ ಸೀಸದ ಬಣ್ಣ, ಮೂಗಿನಿಂದ ರಕ್ತದ ಎಳೆ, ಡಾಕ್ಟರು ಕೆನ್ನೆಗೆ ಹೊಡೆಯುತ್ತಿದ್ದಾರೆ, ಎಳ್ಕೋ ಉಸಿರು, ಎಳ್ಕೋ, ತಾರಾಸ್, ಎಳ್ಕೋ ಕಣೋ, ಬಾವಿಯ ತಳದಿಂದ ಬಂದಂಥ ಒಂದು ಉಸಿರು, ಕೆಮ್ಮು, ಇನ್ನೊಂದು ಉಸಿರು. ಬದುಕಿದ್ದಾನೆ. ಬದುಕಿದ್ದಾನೆ ಎಂಬ ಮಾತು ತಲೆಯೊಳಗೆ ಬಂತು, ಬಂದು ಎಲ್ಲಿ ಕೂರಬೇಕೆಂದು ಗೊತ್ತಾಗದೆ ನಿಂತೇ ಇತ್ತು. ಡಾಕ್ಟರ ಕೈ ಪಟ್ಟಿಯ ಮೇಲೆ ಹೋಯಿತು, ನಿಂತಿತು, ಇದು ಹೀಗಿರಲಿಲ್ಲ, ನಾನೇ ನೋಡಿದ್ದೆ, ಯಾರು ಎಳೆದ್ರು. ನಾನು, ಅಂದಳು, ದನಿ ತನ್ನದಲ್ಲದ ಹಾಗೆ ಕೇಳಿಸಿತು, ಕೂತಾಗ ನಾನೇ ಎಳೆದೆ ಇಲರಿಯೋನ್ ಪೆತ್ರೊವಿಚ್. ಡಾಕ್ಟರು ಪಟ್ಟಿಯ ಬಕಲು ಬಿಚ್ಚಿದರು. ತಾರಾಸನ ಕಣ್ಣು ಅವಳನ್ನು ಹುಡುಕಿ ಹಿಡಿಯಿತು, ಗೊತ್ತಾಯ್ತು ನಂಗೆ, ಎಳೆದಾಗ್ಲೇ ಗೊತ್ತಾಯ್ತು, ಹೇಳೋಣ ಅಂತ ಬಾಯಿ ತೆಗೆದೆ, ನೀವು ತುಟಿ ಮೇಲೆ ಬೆರಳಿಟ್ರಲ್ಲ ರಿಮ್ಮಾ ಗೆರಾಸಿಮೊವ್ನಾ.

ಇಟ್ಟಿದ್ದಳು. ಮತ್ತೇನೋ ತಮಾಷೆ ಹೇಳಲು ಹೊರಟಿದ್ದಾನೆ, ಮಾತಿಲ್ಲದೆ ಕೂತ ಈ ಗಳಿಗೆ ಕೆಡಿಸಿಬಿಡುತ್ತಾನೆ ಎಂದು — ಅವನು ಬಾಯಿ ಮುಚ್ಚಿದ, ಒಳ್ಳೆಯ ಹುಡುಗನಂತೆ, ಎದ್ದು ಒಳಗೆ ನಡೆದ, ಗೊತ್ತಿದ್ದೂ ನಡೆದ, ಮಾತಾಡಿದರೆ ಕೆಟ್ಟದಾಗುತ್ತದೆ ಎಂದು, ಕೆಟ್ಟದಾಗುತ್ತದೆ ಎಂದು, ಗಾಜಿನ ಆಚೆ ಐದು ಬೆರಳು, ಬಿಳಿ, ಸೆಟೆದು, ಒಳಗೆ ಬೆರಳಿಲ್ಲ, ಐದು ಬೆರಳು, ಬಿಳಿ, ಒಳಗೆ —