ಭುವನಾ ಸರಿ ಅನ್ನಬೇಕು

ದೇವೀರಮ್ಮ ಲೋಟವನ್ನು ತುಟಿಗೆ ಹಿಡಿದದ್ದೇ ತಡ, ಭುವನಮ್ಮ ಮುಖ ಆಚೆ ತಿರುಗಿಸಿದರು. ಕಾಫಿ ಅರ್ಧ ಸೆರಗಿನ ಮೇಲೆ, ಅರ್ಧ ಚಾಪೆಯ ಮೇಲೆ ಚೆಲ್ಲಿತು.

"ಒಂದು ಗುಟುಕು ಕುಡಿ ಮಾರಾಯ್ತಿ. ನಿನ್ನೆ ರಾತ್ರಿಯಿಂದ ಹೊಟ್ಟೆಗೆ ಎಂಥದೂ ಇಲ್ಲ," ಅಂದರು ಪಕ್ಕದ ಮನೆಯ ದೇವೀರಮ್ಮ, ಸೆರಗು ಒರೆಸುತ್ತಾ.

"ಬೇಡ ಅಕ್ಕ. ನೀರು ಸಾಕು."

"ಕಾಫೀನೂ ಬೇಡ್ವಂತೆ," ದೇವೀರಮ್ಮ ಬಾಗಿಲ ಬಳಿ ಕೂತ ಹೆಂಗಸರಿಗೆ ವರದಿ ಒಪ್ಪಿಸಿದರು. ಹೆಂಗಸರು ಮತ್ತೊಂದು ಸುತ್ತು ಕಣ್ಣೊರೆಸಿಕೊಂಡರು. ವಿಶ್ವನಾಥರ ಹೆಂಡತಿ ಕಾಫಿ ಬೇಡ ಅನ್ನಬೇಕಾದರೆ ಆ ದುಃಖ ಎಂಥದ್ದಿರಬೇಕು!

ದುಃಖ ಇತ್ತು, ಸುಳ್ಳಲ್ಲ. ಆದರೆ ಭುವನಮ್ಮನಿಗೆ ಕಾಫಿ ಯಾವತ್ತೂ ಸೇರಿದ್ದಿಲ್ಲ. ಅವರು ಕಳಸದ ಆಚೆ ಸಂಸೆ ಕಡೆಯವರು. ಕಾಫಿಯ ಈ ಜಿಲ್ಲೆಯಲ್ಲಿ ಟೀ ಬೆಳೆಯುವ ಒಂದು ಮೂಲೆ ಅದು. ತವರಲ್ಲಿ ಬೆಳಗಾದರೆ ಟೀ, ಸಂಜೆಯಾದರೆ ಟೀ. ಮೂಡಿಗೆರೆಗೆ ಸೊಸೆಯಾಗಿ ಬಂದ ಮೇಲೆ ಕಾಫಿ, ಅದರ ಜೊತೆಗೆ ಎದೆಯುರಿ, ಹುಳಿತೇಗು. ಮೊದಮೊದಲು ನಾಚಿಕೆಗೆ ಹೇಳಲಿಲ್ಲ. ನಾಚಿಕೆ ಬಿಟ್ಟ ಮೇಲೆ, ಇಷ್ಟು ವರ್ಷ ಸುಮ್ಮನಿದ್ದು ಈಗ ಹೇಗೆ ಹೇಳುವುದೆಂದು ಹೇಳಲಿಲ್ಲ.

ನಡುಮನೆಯಲ್ಲಿ ವಿಶ್ವನಾಥರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಸೇವಂತಿಗೆ ಹಾರ. ಮಲಗುವಾಗ ಎದೆ ಹಿಡಿದುಕೊಂಡವರು ಆಸ್ಪತ್ರೆಯ ಗೇಟಿನವರೆಗೂ ಉಳಿದಿರಲಿಲ್ಲ. ಬಾಳೂರಿನಲ್ಲಿ ಅವರದೇ ಒಂದು ತುಂಡು ಕಾಫಿ ತೋಟ ಇತ್ತು. ಮಣ್ಣು ಮಾಡುವುದು ಅಲ್ಲೇ ಎಂದಾಗಿತ್ತು. ಹೊರಗೆ ಪಿಕಪ್ ಗಾಡಿಗೆ ಬಾಳೆಕಂಬ ಕಟ್ಟಿ, ಹೂ ಸುತ್ತಿ, ಶವ ಒಯ್ಯುವ ವಿಮಾನ ಸಿದ್ಧ ಮಾಡಿದ್ದರು. ಎತ್ತುವ ಗಂಡಸರು ಅಂಗಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಇಡೀ ರಾತ್ರಿ ಎಚ್ಚರವಿದ್ದ ಜನ. ಆಕಳಿಕೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು.

ಬೀರೂರಿನಿಂದ ಬಂದ ವಿಶ್ವನಾಥರ ಅಣ್ಣ ಓಂಕಾರಪ್ಪನವರಿಗೆ ದುಃಖದ ನಡುವೆಯೂ ಒಂದು ಆಶ್ಚರ್ಯ ಬಿಡಲಿಲ್ಲ. ನೆಂಟರಿಷ್ಟರು ಸರಿ. ಈ ಹೋಂಸ್ಟೇಯವರು, ಜೀಪಿನವರು, ಬಾಬಾಬುಡನ್‌ಗಿರಿ ತಪ್ಪಲಿನ ಅತ್ತಿಗುಂಡಿಯಿಂದ ಬೈಕಿನಲ್ಲಿ ಬಂದ ಉದ್ದ ಕೂದಲಿನವರು, ಇವರೆಲ್ಲ ಯಾರು?

"ಕಾಫಿಯವ್ರಂತೆ," ಅಂದರು ದೇವೀರಮ್ಮ. "ಮನೇಲೇ ಮೆಷಿನ್ ಇಟ್ಕೊಂಡು ಗಟ್ಟಿ ಕಾಫಿ ಮಾಡ್ತಾರಲ್ಲ, ಎಸ್ಪ್ರೆಸೊನೋ ಎಂಥದೋ, ಅದನ್ನ ಕಲೀಲಿಕ್ಕೆ ಇವ್ರ ಹತ್ರ ಬರ್ತಿದ್ರು."

ಓಂಕಾರಪ್ಪ ತಮ್ಮನ ಕೊರಳ ಹಾರ ನೆಟ್ಟಗೆ ಮಾಡಿದರು. ಆಮೇಲೆ, "ಹಂಗಾದ್ರೆ ಅವನ ಮೆಷಿನ್ನಿಂದೇ ಒಂದು ಕಪ್ ಮಾಡಿ ಮುಂದಿಟ್ಟು ಕಳ್ಸೋಣ. ಅಷ್ಟಾದ್ರೂ ಆಗ್ಲಿ," ಅಂದರು.

"ಅವ್ರನ್ನ ಮನೇಲಿ ಇಟ್ಕೊಂಡು ಒಲೆ ಹಚ್ಚೋ ಹಾಗಿಲ್ಲ," ಅಂದರು ದೇವೀರಮ್ಮ.

"ಒಲೆ ಎಲ್ಲಿ ಹಚ್ತೀವಿ? ಸ್ವಿಚ್ ಹಾಕ್ತೀವಿ."

"ಬಿಸಿ ಆಗ್ತದೋ ಇಲ್ವೋ?"

"ಆಗ್ತದೆ."

"ಮತ್ತೆ? ಒಲೆನೇ ಆಯ್ತಲ್ಲ."

ವಿಷಯ ಪೂಜೆಗೆ ಬಂದಿದ್ದ ಅಯ್ಯನವರ ಮುಂದೆ ಹೋಯಿತು. ಅವರಿಗೆ ಬೆಳಗಿನಿಂದ ಇದು ಎರಡನೇ ಸಾವಿನ ಮನೆ. ಕೂತಲ್ಲೇ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟು, "ಬೆಂಕಿ ಕಾಣ್ತದಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಕೆಂಪು ಲೈಟು ಕಾಣ್ತದೆ."

"ಲೈಟಿಗೆ ದೋಷ ಇಲ್ಲ. ಮಾಡಿ."

"ಬೇಗ ಆಗ್ಬೇಕು," ಅಂದರು ಓಂಕಾರಪ್ಪ. "ಹೊತ್ತು ಇಳಿದ್ರೆ ಬಾಳೂರಲ್ಲಿ ಆನೆ ಓಡಾಡ್ತಾವೆ, ಗುಂಡಿ ಹತ್ರ ಇರೋರು ನಿಲ್ಲಲ್ಲ. ಕಪ್ ಇಟ್ಟ ಕೂಡ್ಲೇ ಎತ್ತೋದು. ಯಾರು ಮಾಡ್ತೀರಿ?"

ಕೊಟ್ಟಿಗೆಹಾರದ ರಸ್ತೆಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಅಭಿಷೇಕ್ ಮುಂದೆ ಬಂದ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು. "ನಾನು ಮಾಡ್ತೀನಿ. ಆದ್ರೆ ಸರಿಯಾಗಿದೆಯಾ ಅಂತ ಆಂಟಿನೇ ಹೇಳ್ಬೇಕು. ಅಂಕಲ್ ಅಷ್ಟು ಗೊತ್ತಿದ್ದವ್ರು, ಅವ್ರೇ ಹೇಳ್ತಿದ್ರು, ಭುವನಾ ಸರಿ ಅನ್ಬೇಕು, ಅಲ್ಲೀವರೆಗೂ ಸರಿ ಅಲ್ಲ ಅಂತ. ನಮ್ಮಂಗ್ಡೀಲಿ ಅವ್ರು ಹೇಳ್ಕೊಟ್ಟ ಬೀಜದ ಮಿಶ್ರಣಕ್ಕೆ 'ಭುವನಾ ಬ್ಲೆಂಡ್' ಅಂತಾನೇ ಬೋರ್ಡ್ ಹಾಕಿದೀವಿ."

ಎಲ್ಲರೂ ಭುವನಮ್ಮನ ಕಡೆ ತಿರುಗಿದರು.

* * *

ವಿಶ್ವನಾಥ್ ಬದುಕಿನುದ್ದಕ್ಕೂ ಪಂಪ್ ಮಾರಿದವರು. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್, ನೀರೆತ್ತುವ ಪಂಪ್‌ಸೆಟ್, ಪೈಪು, ವಾಷರ್. ಅದರಾಚೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮಕ್ಕಳಾಗಲಿಲ್ಲ. ಊರವರಂತೆ ಅವರೂ ಚಿಕೋರಿ ಬೆರೆತ ಫಿಲ್ಟರ್ ಕಾಫಿಗೆ ಎರಡು ಚಮಚ ಸಕ್ಕರೆ ಸುರಿದು ಕುಡಿಯುತ್ತಿದ್ದರು. ಮಂಡಿನೋವು ಬಂದು ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟ ಹೊಸದರಲ್ಲಿ ಯಾವುದೋ ಹೋಂಸ್ಟೇಯವರು ಕೆಟ್ಟು ನಿಂತ ಎಸ್ಪ್ರೆಸೊ ಮೆಷಿನ್ ಒಂದನ್ನು ತಂದು, ರಿಪೇರಿ ಆಗುತ್ತದೆಯೇ ಎಂದು ಕೇಳಿದರು. ವಿಶ್ವನಾಥ್ ತಿರುಪು ಬಿಚ್ಚಿ ಒಳಗೆ ನೋಡಿದವರೇ ಅಡುಗೆಮನೆಗೆ ಕೇಳುವಂತೆ ಕೂಗಿದರು.

"ಭುವನಾ, ಇದೂ ಪಂಪೇ ಮಾರಾಯ್ತಿ!"

ಅಲ್ಲಿಂದ ಶುರುವಾಯಿತು. ಮೊದಲು ಅಗ್ಗದ್ದೊಂದು ಮೆಷಿನ್ ಬಂತು. ಅದು ಉಗುಳಿದ ನೀರುಕಾಫಿ ನೋಡಿ, ತಪ್ಪು ಮೆಷಿನ್ನಿನದಲ್ಲ, ಪುಡಿಯದು ಎಂದು ತೀರ್ಮಾನಿಸಿ ಮೆಷಿನ್ನಿಗಿಂತ ದುಬಾರಿಯ ಗ್ರೈಂಡರ್ ತಂದರು. ಬಾಳೂರಿನ ತಮ್ಮದೇ ಹಣ್ಣನ್ನು ಗೊಂಚಲಿನಿಂದ ಕೆಂಪಾದದ್ದಷ್ಟೇ ಆರಿಸಿ ಕೊಯ್ಯಿಸಿ, ಸಿಪ್ಪೆ ಬಿಡಿಸಿದ ಬೀಜವನ್ನು ತಾರಸಿಯ ಮೇಲೆ ಒಣಗಿಸಿದರು. ಅದಕ್ಕೆ ಅತ್ತಿಗುಂಡಿಯ ಎತ್ತರದ ಬೀಜ ಸೇರಿಸಿದರು, ನೊರೆಗೆಂದು ಒಂದು ಹಿಡಿ ರೋಬಸ್ಟಾ ಸೇರಿಸಿದರು. ಕೇಳಲು ಬಂದವರಿಗೆ ಜಗುಲಿಯಲ್ಲಿ ಪಾಠವೂ ಶುರುವಾಯಿತು.

"ಮೆಷಿನ್ ಸುಮಾರಾಗಿದ್ರೂ ನಡೀತದೆ, ಗ್ರೈಂಡರ್ ಮಾತ್ರ ಒಳ್ಳೇದು ತಗೊಳ್ಳಿ. ಪುಡಿ ಒಂದೇ ಸಮ ಇಲ್ದಿದ್ರೆ ನೀರು ಸಿಕ್ಕಿದ ಸಂದೀಲಿ ನುಗ್ತದೆ, ಪೈಪ್ ಒಡೆದ ಹಾಗೆ. ಹುರಿದ ತಾರೀಕು ಬರೀದಿರೋ ಪ್ಯಾಕೆಟ್ ಮುಟ್ಬೇಡಿ. ಹುರಿದ ದಿನಾನೇ ಕುಡಿಯೋಕೂ ಹೋಗ್ಬೇಡಿ. ಒಂದು ವಾರ ಬಿಡಿ, ಬೀಜ ಉಸಿರಾಡ್ಲಿ."

ಒಮ್ಮೆ ಯಾರೋ, "ಇಷ್ಟೆಲ್ಲ ಯಾಕೆ ಸಾರ್?" ಎಂದು ಕೇಳಿದ್ದರು. "ಕಾಫಿ ನಾಡಲ್ಲಿ ಹುಟ್ಟಿ ಚಿಕೋರಿ ಕುಡ್ಕೊಂಡೇ ಹೋದ ಅಂತ ಆಗ್ಬಾರ್ದು," ಅಂದಿದ್ದರು ವಿಶ್ವನಾಥ್.

ಇದರಲ್ಲಿ ಸಿಕ್ಕಿಕೊಂಡದ್ದು ಭುವನಮ್ಮ. ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಗಂಡ ಚಿಕ್ಕ ಕಪ್ ಹಿಡಿದು ಎದುರು ನಿಲ್ಲುತ್ತಿದ್ದರು. ತಾವೊಂದು ಗುಟುಕು ಕುಡಿದು, "ನೋಡು ಹೇಗಿದೆ," ಎಂದು ಕೊಡುತ್ತಿದ್ದರು. ಭುವನಮ್ಮನ ನಾಲಿಗೆಗೆ ಎಲ್ಲವೂ ಒಂದೇ ಕಷಾಯ. ಬಾಯಿಗೆ ಬಂದದ್ದು ಹೇಳಿ ಕೆಲಸಕ್ಕೆ ಹೋಗೋಣವೆಂದರೆ, "ಇಲ್ಲ, ಇನ್ನೊಮ್ಮೆ ಸರಿಯಾಗಿ ನೋಡು," ಎಂದು ತಡೆಯುತ್ತಿದ್ದರು. ಕಡೆಗೆ ಭುವನಮ್ಮ ಒಂದು ಉಪಾಯ ಕಂಡುಕೊಂಡರು. ಕಪ್ಪನ್ನು ಬಿಟ್ಟು ಗಂಡನ ಮುಖ ನೋಡತೊಡಗಿದರು. ಎಡ ಹುಬ್ಬು ಮೇಲೇರಿದ್ದರೆ ಹುಳಿ. ತುಟಿ ಒಳಗೆ ಸೇರಿದ್ದರೆ ಕಹಿ. ಕಣ್ಣು ಅರೆ ಮುಚ್ಚಿದ್ದರೆ ಸರಿ. ಒಂದು ದಿನವೂ ತಪ್ಪಲಿಲ್ಲ.

"ನಿನ್ನ ನಾಲಿಗೆ ನಾಲಿಗೆ ಅಂದ್ರೆ!" ಎಂದು ವಿಶ್ವನಾಥ್ ಹಿಗ್ಗುತ್ತಿದ್ದರು. ತಾವೇ ಕುಡಿದು ತಿಳಿದದ್ದನ್ನು ಅವರು ನಂಬುತ್ತಿರಲಿಲ್ಲ. ಅದನ್ನೇ ಹೆಂಡತಿ ತಮ್ಮ ಮುಖದಿಂದ ಓದಿ ತಮಗೇ ಹೇಳಿದರೆ ನಂಬುತ್ತಿದ್ದರು. ಗ್ರೈಂಡರ್ ತಿರುಗಿದ್ದು, ಬೀಜ ಬದಲಾದದ್ದು, ಕಡೆಗೆ ಹಳೆಯದನ್ನು ಕೊಟ್ಟು ದೊಡ್ಡ ಮೆಷಿನ್ ತಂದದ್ದು ಎಲ್ಲ ಈ ತೀರ್ಪುಗಳ ಮೇಲೆಯೇ.

ಬೇಸರವಾಗುತ್ತಿರಲಿಲ್ಲವೇ? ಚೆನ್ನಾಗಿಯೇ ಆಗುತ್ತಿತ್ತು. ಆದರೆ ದಿನಾ ಬೆಳಗ್ಗೆ ಗಂಡನೆಂಬವನು ಎದುರು ನಿಂತು, ಹೆಂಡತಿ ಏನನ್ನುತ್ತಾಳೋ ಎಂದು ಉಸಿರು ಬಿಗಿಹಿಡಿದು ಕಾಯುವುದು ಎಷ್ಟು ಹೆಂಗಸರಿಗೆ ಸಿಗುತ್ತದೆ? ಎದೆಯುರಿ ಬಂದರೆ ಬರಲಿ ಎಂದು ಭುವನಮ್ಮ ಕುಡಿದರು.

* * *

ಅಡುಗೆಮನೆಯಲ್ಲಿ ಮೆಷಿನ್ ಗುಂಯ್‌ಗುಟ್ಟಿ ನಿಂತಿತು. ಅಭಿಷೇಕ್ ಕಪ್ ತಂದು ಭುವನಮ್ಮನ ಮುಂದೆ ಮಂಡಿಯೂರಿದ.

"ನೋಡಿ ಆಂಟಿ."

ಭುವನಮ್ಮ ಒಂದು ಗುಟುಕು ಕುಡಿದು, ರೂಢಿಯಂತೆ ಗಂಡನ ಮುಖ ನೋಡಿದರು. ಕಣ್ಣು ಅರೆ ಮುಚ್ಚಿತ್ತು. ಎಷ್ಟು ಸಲ ಒತ್ತಿ ಮುಚ್ಚಿದರೂ ರೆಪ್ಪೆ ಪೂರ್ತಿ ಕೂಡಿರಲಿಲ್ಲ. ಆ ಮುಖ ಇನ್ನು ಎಂಥ ಕಾಫಿಗೂ ಸರಿ ಎಂದೇ ಹೇಳುತ್ತಿತ್ತು.

ಸರಿ ಅಂದುಬಿಡಲು ಬಾಯಿ ತೆರೆದರು. ಅಷ್ಟರಲ್ಲಿ ಹೊಸ್ತಿಲ ಬಳಿ ನಿಂತ ಓಂಕಾರಪ್ಪ ಕಂಡರು. ಅವರ ಒಂದು ಕೈ ಅಂಗಳದ ಗಂಡಸರ ಕಡೆ ಅರ್ಧ ಎದ್ದಿತ್ತು. ಅವರೂ ಇದೇ ಮಾತಿಗೆ ಕಾಯುತ್ತಿದ್ದರು. ಸರಿ ಅಂದರೆ ಕಪ್ ಇಡುತ್ತಾರೆ. ಕಪ್ ಇಟ್ಟರೆ ಎತ್ತುತ್ತಾರೆ.

"ಹುಳಿ," ಅಂದರು ಭುವನಮ್ಮ.

"ಹೌದಾ? ನಂಗೂ ಅನ್ನಿಸ್ತು," ಎಂದು ಅಭಿಷೇಕ್ ಎದ್ದ. "ಪುಡಿ ಇನ್ನೂ ಸಣ್ಣ ಮಾಡ್ಬೇಕು."

ಎರಡನೆಯದಕ್ಕೆ ಕಹಿ ಅಂದರು. ಮೂರನೆಯದಕ್ಕೆ ಏನು ಹೇಳುವುದೆಂದು ತಿಳಿಯದೆ, ಅದೂ ಕಹಿಯೇ ಅಂದರು. "ನೋಡಿದ್ರಾ, ಇಂಥ ಹೊತ್ತಲ್ಲೂ ಗಂಡಂಗೆ ಒಳ್ಳೇದೇ ಆಗ್ಬೇಕು," ಎಂದು ದೇವೀರಮ್ಮ ಪಿಸುಗುಟ್ಟಿದರು. ಹೆಂಗಸರಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ, ಬರಿದೆ ತಲೆಯಾಡಿಸಿದರು. ಅಯ್ಯನವರು ಮತ್ತೆ ತೂಕಡಿಸಿದರು. ಅಂಗಳದಲ್ಲಿ ಒಬ್ಬ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಕಂಬಕ್ಕೊರಗಿದ. ಬಾಳೂರಿನಿಂದ ಫೋನ್ ಬಂತು. ಮೇಲಿನ ತೋಟದಲ್ಲಿ ಆನೆ ಇದೆಯಂತೆ, ಬೇಗ ಹೊರಡಿ ಅಂತ.

ಓಂಕಾರಪ್ಪ ಬಂದು ತಮ್ಮನ ಹೆಂಡತಿಯ ಎದುರು ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

"ಸಾಕು ಭುವನಮ್ಮ. ಯಾವ್ದೋ ಒಂದು ಇಡೋಣ. ಅವನು ಬೇಡ ಅಂತಾನಾ?"

"ಅವ್ರು ಅನ್ನಲ್ಲ ಭಾವ," ಅಂದರು ಭುವನಮ್ಮ. "ಇನ್ನೊಂದೇ ಸಲ. ನಿಮ್ಮ ಕಾಲಿಗೆ ಬೀಳ್ತೀನಿ."

ಓಂಕಾರಪ್ಪ ಭುವನಮ್ಮನ ಮುಖವನ್ನು ನೋಡಿದರು. ಅವರಿಗೆ ಅರ್ಥವಾಯಿತು. ಗೋಡೆ ಹಿಡಿದು ಎದ್ದು, ಮೊದಲಿನ ಜಾಗದಲ್ಲೇ ಹೋಗಿ ನಿಂತರು.

ಅಭಿಷೇಕ್ ನಾಲ್ಕನೆಯ ಕಪ್ ತಂದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಭುವನಮ್ಮನಿಗೆ ಆಗಲೇ ಎದೆ ಉರಿಯುತ್ತಿತ್ತು. ಇದಕ್ಕೆ ಹುಳಿ ಅನ್ನುವುದು ಎಂದು ಮೊದಲೇ ನಿಶ್ಚಯಿಸಿಕೊಂಡು ಕುಡಿದರು. ಈ ಸಲ ಗಂಡನ ಮುಖ ನೋಡಲಿಲ್ಲ.

ಹುಳಿ ಇರಲಿಲ್ಲ. ಕಹಿ ಬಂತು, ನಾಲಿಗೆಯ ಮೇಲೆ ನಿಲ್ಲದೆ ಇಳಿದು ಹೋಯಿತು. ಹೋದ ಮೇಲೆ ಹಿಂದೆಯೇ ಒಂದು ಸಿಹಿ ಬಂತು, ಆಲೆಮನೆಯ ಬಿಸಿ ಬೆಲ್ಲದ ಹಾಗೆ. ಸಕ್ಕರೆ ಹಾಕಿದ್ದಾನೋ ಎಂದು ಕಪ್ಪಿನೊಳಗೆ ನೋಡಿದರು. ಇಲ್ಲ. ಇನ್ನೊಂದು ಗುಟುಕು ಕುಡಿದರು. ಮತ್ತೆ ಅದೇ ಸಿಹಿ. ಓಹ್, ಇದಾ ಇವರು ದಿನಾ ಹುಡುಕುತ್ತಿದ್ದದ್ದು, ಇದಾ! ಅಷ್ಟು ಬೆಳಗುಗಳು ಕಪ್ ಕೈಯಲ್ಲೇ ಇತ್ತು, ತಾನು ಒಂದು ದಿನವೂ ರುಚಿ ನೋಡಿ ಕುಡಿದಿರಲಿಲ್ಲ. ಈಗ ಹೇಳೋಣವೆಂದರೆ ಕೇಳುವವರು ಗೋಡೆಗೊರಗಿ ಕೂತುಬಿಟ್ಟಿದ್ದರು.

"ಹೇಗಿದೆ ಆಂಟಿ?"

ಹುಳಿ ಅನ್ನಬೇಕೆಂದುಕೊಂಡರು. ತುಟಿ ಆ ಅಕ್ಷರಕ್ಕೆ ಮುಂದೂ ಬಂತು. ಆದರೆ ಬಾಯಿಯೊಳಗೆ ಆ ಸಿಹಿ ಇನ್ನೂ ಇತ್ತು. ಅದನ್ನು ಇಟ್ಟುಕೊಂಡು ಹಾಗೆನ್ನುವುದು ಭುವನಮ್ಮನ ಕೈಲಾಗಲಿಲ್ಲ.

"ಸರಿ," ಅಂದರು. ದನಿ ಹೊರಡಲಿಲ್ಲ. ಇನ್ನೊಮ್ಮೆ ಅಂದರು, "ಸರಿಯಾಗಿದೆ."

ಅಂಗಳದ ಕಟ್ಟೆಯ ಮೇಲಿದ್ದ ಗಂಡಸರು ಪಂಚೆಯ ಹಿಂಬದಿ ಕೊಡವಿಕೊಳ್ಳುತ್ತಾ ಒಟ್ಟಿಗೆ ಎದ್ದು ನಿಂತರು.