ಗೋಡೆಗೆ ಹೋದ ಕೌದಿ

ಟ್ರಂಕಿನ ತಳ ಕಾಣುವವರೆಗೂ ರಾಚವ್ವ ಬಟ್ಟೆಗಳನ್ನು ಎಳೆದೆಳೆದು ಹೊರಗೆ ಹಾಕಿದಳು. ಸೀರೆಗಳು ಬಂದವು, ದುಪ್ಪಟಿ ಬಂತು, ಅಳಿಯನಿಗೆಂದು ತೆಗೆದಿರಿಸಿದ್ದ ಹೊಸ ಧೋತರ ಬಂತು. ಕೌದಿ ಮಾತ್ರ ಬರಲಿಲ್ಲ.

ಹಿಂದೆ, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಮಗಳು ಶರಣವ್ವ ಇನ್ನೊಂದು ನೋವನ್ನು ಹಲ್ಲು ಕಚ್ಚಿ ದಾಟಿಸಿದಳು. ಹೆರಿಗೆಗೆ ಇನ್ನೂ ಕೆಲವು ವಾರ ಇದೆ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಹೊಟ್ಟೆಯೊಳಗಿನ ಕೂಸಿಗೆ ಯಾರೂ ಹೇಳಿರಲಿಲ್ಲ.

"ಅವ್ವಾ, ಸಿಕ್ಕಿತೇನ?"

"ಸಿಗತೈತಿ, ತಡಿ."

ರಾಚವ್ವನ ತವರು ವಿಜಾಪುರದ ಸೀಮೆ. ಅವಳ ಮನೆತನದಲ್ಲಿ ಹುಟ್ಟುವ ಕೂಸಿಗೆ ತಾಯಿಯ ತಾಯಿ ಕೌದಿ ಹೊಲಿಯಬೇಕು. ಹಳೆ ಸೀರೆ, ಚಿಂದಿ, ತುಂಡುಬಟ್ಟೆ ಎಲ್ಲ ಕೂಡಿಸಿ ಹೊಲಿದರೂ ಒಂದು ಮೂಲೆಯನ್ನು ಹಾಗೇ ತೆರೆದು ಬಿಡಬೇಕು. ಸೂಜಿದಾರ ಅಲ್ಲೇ ಜೋತಾಡುತ್ತಿರಬೇಕು. ನೋವು ಶುರುವಾದ ಮೇಲೆ ಬಸುರಿ ತನ್ನ ಕೈಯಾರೆ ಆ ಮೂಲೆಯೊಳಗೆ ಒಂದು ತುತ್ತು ರೊಟ್ಟಿ ಇಡಬೇಕು, ತಾಯಿ ಅದನ್ನು ಮುಚ್ಚಿ ಗಂಟು ಹಾಕಬೇಕು. ಹೊಟ್ಟೆ ತುಂಬದ ಕೌದಿಯ ಮೇಲೆ ಕೂಸು ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ.

ಶರಣವ್ವ ಈ ಮೊದಲು ಇದೇ ಮನೆಯಲ್ಲಿ ಎರಡು ಹಡೆದಿದ್ದಳು. ಎರಡೂ ಅಳಲಿಲ್ಲ. ಈ ಸಲ ಬೊರಿವಲಿಯ ಗಂಡನ ಮನೆಯಿಂದ ಬೈಕುಲ್ಲಾದ ತವರಿಗೆ ಬಂದದ್ದೇ ಆಸ್ಪತ್ರೆ ಹತ್ತಿರವಿದೆ ಎಂದು. ಹೆಸರು ಬರೆಸಿ ಆಗಿತ್ತು.

"ಏಯ್ ಶರಣಿ, ಏಳವ್ವ," ಎಂದಳು ಪಕ್ಕದ ಖೋಲಿಯ ಮಲ್ಲವ್ವ. ಸಾಲುಮನೆಗಳ ಆ ಚಾಳಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು. "ಕೌದಿ ಆಮ್ಯಾಲೆ ನೋಡೂಣು. ನನ್ನ ಕೈಲೆ ಆಗೂ ಕೆಲಸ ಅಲ್ಲ ಇದು, ಆಸ್ಪತ್ರಿಗೆ ನಡಿ."

"ನಾ ಏಳಂಗಿಲ್ಲ. ಎಲ್ಲಾ ಪದ್ಧತಿ ಮಾಡಿದ್ರೂ ಎರಡ ಹೋದವು. ಇದನ್ನೂ ಬಿಟ್ಟು ಹೋಗು ಅಂತಿಯೇನ, ಮಲ್ಲವ್ವಕ್ಕಾ?"

ಅವಳ ಬೆರಳುಗಳನ್ನು ಚೌಕಟ್ಟಿನಿಂದ ಬಿಡಿಸಲು ಮಲ್ಲವ್ವನಿಂದ ಆಗಲಿಲ್ಲ. ರಾಚವ್ವ ಗಂಡನ ಕಡೆ ತಿರುಗಿದಳು. ಸಿದ್ದರಾಮಪ್ಪ ಗಿರಣಿಯ ಬಟ್ಟೆ ಗೋದಾಮಿನ ಕಾರಕೂನ, ರವಿವಾರವಾದ್ದರಿಂದ ಮನೆಯಲ್ಲಿದ್ದ. ಹೆಂಡತಿ ನೋಡಿದ ಕೂಡಲೇ ಅವನ ಕಣ್ಣು ನೆಲಕ್ಕಿಳಿಯಿತು. ಈ ಸಂಸಾರದಲ್ಲಿ ಆ ಕಣ್ಣು ನೆಲಕ್ಕಿಳಿದಾಗೆಲ್ಲ ಏನೋ ಒಂದು ಅನಾಹುತ ಆಗಿಯೇ ಇರುತ್ತಿತ್ತು.

"ಎಲ್ಲೈತ್ರೀ ಕೌದಿ?"

"ಮೋಹಿನಿಗೆ ಕೊಟ್ಟೇನಿ. ಫೋರ್ಟಿನಾಗ ಮ್ಯೂಜಿಯಮ್ಮಿನ ಬಾಜೂಕ ಪ್ರದರ್ಶನ ಐತಂತ. ನಾಕ ದಿನದ ಮಾತು ಅಂದ್ಳು. ಹೆರಿಗಿ ಇನ್ನೂ ದೂರ ಐತಿ ಅಂತ ನಾ…"

ಮೋಹಿನಿ ಚಾಳಿನ ಕೆಳಗೆ ಉಡುಪಿ ಹೋಟೆಲು ಇಟ್ಟಿದ್ದ ಪೂವಪ್ಪನ ಮಗಳು. ಆರ್ಟ್ ಸ್ಕೂಲಿನಲ್ಲಿ ಕಲಿತವಳು. ಹೊಸ ಕಾಲದ ಕೈಕೆಲಸ ಹುಡುಕಿಕೊಂಡು ಗೋರೆಗಾಂವಿನ ಬೆತ್ತದವರಿಂದ ಹಿಡಿದು ಬೈಕುಲ್ಲಾದ ಕಮ್ಮಾರರವರೆಗೆ ಅಲೆಯುತ್ತಿದ್ದಳು. ಒಂದು ದಿನ ಚಾಳಿನ ಖೋಲಿಗಳ ಮುಂದಿನ ಗ್ಯಾಲರಿಯ ಕಟಕಟೆಯ ಮೇಲೆ ಬಿಸಿಲಿಗೆ ಹಾಕಿದ್ದ ಈ ಕೌದಿ ಕಂಡು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಆಮೇಲೆ ಎಷ್ಟು ಸಲ ಬಂದು ಕೇಳಿದರೂ ರಾಚವ್ವನದು ಒಂದೇ ಮಾತು, "ಮುಗದಿಲ್ಲ, ಕೊಡಂಗಿಲ್ಲ." ರಾಚವ್ವನಲ್ಲಿ ಬೇಳೆ ಬೇಯದೆ ಹುಡುಗಿ ಅವಳ ಗಂಡನನ್ನು ಹಿಡಿದಳು. ಇಂಥ ಡಿಸೈನು ಪ್ಯಾರಿಸಿನಲ್ಲೂ ಇಲ್ಲ ಎಂದಳಂತೆ. ಗಿರಣಿಯ ಚಿಂದಿ ತಂದುಕೊಟ್ಟವನು ತಾನೇ ಅಲ್ಲವೇ ಎಂದು ಸಿದ್ದರಾಮಪ್ಪ ಉಬ್ಬಿದ. ಹೊಗಳಿದರೆ ಅಟ್ಟ ಹತ್ತುವ ಜೀವ ಅದು. ರಾಚವ್ವ ಸಂತೆಗೆ ಹೋದ ಹೊತ್ತು ನೋಡಿ ಟ್ರಂಕು ತೆಗೆದು ಕೊಟ್ಟುಬಿಟ್ಟಿದ್ದ.

"ನಾ ಹೋಗಿ ತರ್ತೇನಿ," ಎಂದ ಅವನು, ಅಂಗಿಗೆ ಕೈ ಹಾಕುತ್ತ.

"ನಿಮ್ಮನ್ನ ಕಳಿಸಿದ್ರ ಸೂಟು ಹಾಕಿದವರ ಮುಂದ ಕೈ ಮುಗದ ನಿಂತು ಬರಿಗೈಲೆ ಬರ್ತೀರಿ. ಇಲ್ಲೇ ಇರ್ರಿ. ಮಗಳ ಕೈ ಸಡ್ಲಾತಂದ್ರ ಹೊತ್ತಗೊಂಡು ಆಸ್ಪತ್ರಿಗೆ ಓಡ್ರಿ."

ಬೇರೆ ಯಾವುದಾದರೂ ಕೌದಿ ತೋರಿಸಿ ನಂಬಿಸೋಣವೆಂದರೆ ಆಗುವ ಮಾತಲ್ಲ. ಅಂಥದು ಇನ್ನೊಂದು ಎಲ್ಲೂ ಇರಲಿಲ್ಲ.

ಮ್ಯೂಜಿಯಮ್ಮಿನ ತನಕ ಟ್ರಾಮು ಹೋಗುತ್ತದೆಂದು ರಾಚವ್ವನಿಗೆ ಗೊತ್ತಿತ್ತು. ಅದು ಇಷ್ಟು ನಿಧಾನ ಹೋಗುತ್ತದೆಂದು ಗೊತ್ತಿರಲಿಲ್ಲ. ನಿಲ್ಲಬೇಕಾದಲ್ಲಿ ನಿಂತಿತು, ನಿಲ್ಲಬಾರದ ಕಡೆಯೂ ನಿಂತಿತು. ಹಳಿಯ ಮೇಲೆ ಕೈಗಾಡಿಯೊಂದು ಅಡ್ಡ ಬಂದಾಗ ಡ್ರೈವರು ಗಂಟೆ ಬಾರಿಸುತ್ತ ಕೂತ. ಅವಳಿಗೆ ಇಳಿದು ಆ ಗಾಡಿಯನ್ನು ಮಗುಚಿ ಹಾಕಬೇಕೆನಿಸಿತು. ಎರಡನೆಯ ಸಲ ಮಲ್ಲವ್ವ ಕೂಸನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದದ್ದು, ಆಮೇಲೆ ಮೆಲ್ಲಗೆ ಕೆಳಗೆ ಮಲಗಿಸಿದ್ದು, ಎಲ್ಲ ಕಣ್ಣೆದುರಿಗೇ ಬರುತ್ತಿತ್ತು. ಸೆರಗಿನ ತುದಿಗೆ ರೊಟ್ಟಿಯ ತುತ್ತು ಕಟ್ಟಿಕೊಂಡು ಬಂದದ್ದು ಅರ್ಧ ದಾರಿಯಲ್ಲಿ ಗಮನಕ್ಕೆ ಬಂತು. ಬಸುರಿಯ ಕೈಯಿಂದ ಇಡಿಸಬೇಕಾದ ತುತ್ತು ಇಲ್ಲಿ ಯಾಕೆ? ತಲೆ ನೆಟ್ಟಗಿರಲಿಲ್ಲ.

ಪ್ರದರ್ಶನದ ಹಾಲಿನ ಬಾಗಿಲಲ್ಲಿ ದರವಾನ ಕಾರ್ಡು ಕೇಳಿದ. ಅವಳು ಅವನ ತೋಳಿನ ಕೆಳಗಿಂದ ನುಗ್ಗಿ ಒಳಗೆ ಹೋದಳು.

ಒಳಗೆ ಬಾಯಿ ಓರೆಯಾದ ಮಣ್ಣಿನ ಹೂಜಿಗಳಿದ್ದವು, ಬೆತ್ತದಲ್ಲಿ ಹೆಣೆದ ದೀಪಗಳಿದ್ದವು, ಒಂದೇ ಕಾಲಿನ ಮೇಜಿತ್ತು. ಎದುರಿನ ಬಿಳಿ ಗೋಡೆಯ ನಟ್ಟನಡುವೆ ಅವಳ ಕೌದಿ.

ನೆಲದ ಮೇಲೆ ಹಾಸಿ, ಮೊಣಕಾಲೂರಿ, ತುಂಡು ತುಂಡಾಗಿ ಹೊಲಿದದ್ದು ಹೀಗೆ ಎದ್ದು ನಿಂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಒಂದು ಕಡೆಯೆಲ್ಲ ಕಪ್ಪು. ಅದನ್ನು ಓರೆಯಾಗಿ ಸೀಳಿಕೊಂಡು ಬಂದ ಕೆಂಪು ಪಟ್ಟಿ ನಡುವೆಯೇ ನಿಂತುಹೋಗಿತ್ತು. ದೂರದ ಅಂಚಿನಲ್ಲಿ ಗಿಳಿಹಸಿರಿನ ಒಂದೇ ತುಂಡು. ಹೊಲಿಗೆಯ ಸಾಲು ಅಂಚು ಹಿಡಿದು ಸುತ್ತದೆ ಮನಸ್ಸಿಗೆ ಬಂದಂತೆ ಹರಿದಿತ್ತು. ಚೆಂದವಿತ್ತು. ಎಷ್ಟು ಚೆಂದವೆಂದು ಅವಳಿಗೆ ಆ ಗಳಿಗೆಯಲ್ಲೇ ತಿಳಿದದ್ದು, ತಿಳಿದೊಡನೆ ಅಂಜಿದಳು. ವಿಧಿಗೆ ಗುರುತು ಸಿಗಬಾರದೆಂದು ಹೊಲಿದದ್ದಕ್ಕೆ ಈ ಜನ ದೀಪ ಹಾಕಿ ತೋರಿಸುತ್ತಿದ್ದರು.

ಅದರ ಮುಂದೆ ಸೂಟಿನ ದೊಡ್ಡ ಮನುಷ್ಯನೊಬ್ಬ ನಿಂತಿದ್ದ, ಪಕ್ಕದಲ್ಲಿ ಮೋಹಿನಿ. ಅವನ ಬೆರಳು ತೆರೆದ ಮೂಲೆಯ ಕಡೆ, ಜೋತಾಡುವ ಸೂಜಿಯ ಕಡೆ ಹೋಯಿತು. ಇಂಗ್ಲಿಷಿನಲ್ಲಿ ಏನೋ ಹೇಳಿದ. ಮೋಹಿನಿಯ ಮುಖ ಅರಳಿತು. ಅಷ್ಟರಲ್ಲಿ ಅವಳು ರಾಚವ್ವನನ್ನು ಕಂಡಳು.

"ಅರೇ ಮಾವಶಿ! ನೀವು ಬಂದ್ರಾ! ಇವರು ಹೊಸ ಹೊಸ ಬಿಲ್ಡಿಂಗ್ ಕಟ್ಟಿಸುವವರು. ಹೇಳ್ತಾರೆ, ಆ ಬಿಟ್ಟ ಮೂಲೆ ಉಂಟಲ್ಲ, ಅದೇ ಸಬ್‌ಸೇ ಅಚ್ಛಾ ಅಂತ. ಎಲ್ಲಿ ನಿಲ್ಲಿಸಬೇಕು ಅಂತ ಹೊಲಿದವಳಿಗೆ ಗೊತ್ತುಂಟು ಅಂತ."

"ಕೌದಿ ಕೊಡು. ಶರಣಿಗೆ ನೋವ ಶುರು ಆಗ್ಯಾವು."

"ಆಯ್ತು ಮಾವಶಿ, ಒಂದು ಗಂಟೆ. ಉದ್ಘಾಟನೆ ಆಗ್ಲಿ. ನಾನೇ ತಂದುಕೊಡ್ತೇನೆ, ಪಕ್ಕಾ."

"ಹಡ್ಯೂದು ನಿನ್ನ ಉದ್ಘಾಟನೆಗೆ ಕಾಯ್ತೈತೇನ?"

ರಾಚವ್ವ ಗೋಡೆಯ ಹತ್ತಿರ ಹೋಗಿ ಕೌದಿಯ ಅಂಚಿಗೆ ಕೈ ಹಾಕಿದಳು. ಮೋಹಿನಿ ಇನ್ನೊಂದು ಅಂಚು ಹಿಡಿದಳು. ದರವಾನ ಓಡಿ ಬಂದ.

ಆ ಹುಡುಗಿಯೂ ಸುಮ್ಮನೆ ಹಟ ಮಾಡುತ್ತಿರಲಿಲ್ಲ. ಈ ಪ್ರದರ್ಶನ ನೆಟ್ಟಗಾಗದಿದ್ದರೆ ಮದುವೆ ಮಾಡಿ ಕಳಿಸುತ್ತೇನೆಂದು ಪೂವಪ್ಪ ಆಗಲೇ ಹೇಳಿಬಿಟ್ಟಿದ್ದ. ಆದರೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಮಾತು ರಾಚವ್ವನಿಗೆ ಅಂದು ಅರ್ಥವಾದಷ್ಟು ಇನ್ನಾರಿಗೂ ಆಗಿರಲಾರದು.

"ಮಾವಶಿ, ಇವತ್ತು ಇದು ಹೋದ್ರೆ ನನ್ನ ಹತ್ರ ಏನೂ ಇಲ್ಲ. ಎಲ್ಲರೂ ಇದನ್ನೇ ನೋಡ್ಲಿಕ್ಕೆ ಬಂದದ್ದು. ಇಷ್ಟು ಹೊಸದು ಯಾರೂ ಮಾಡಿಲ್ಲ. ಇದು ನಿಮಗೆ ಹೇಗೆ ಹೊಳೀತು ಅಂತ ಇವರು ಕೇಳ್ತಿದ್ದಾರೆ."

"ಹೆಂಗ ಹೊಳೀತು ಅಂದ್ರ?" ರಾಚವ್ವನ ದನಿ ಏರಿತು. "ಹೇಳ್ತೇನಿ, ಅವರಿಗೂ ಹೇಳು. ಮೊದಲನೇದಕ್ಕ ನಮ್ಮವ್ವ ಕಲಿಸಿದ ಹಂಗ ಹೊಲದೆ. ನಡುವ ಚೌಕ, ಸುತ್ತ ಅಂಚು, ಮೂಲಿಗೆ ಹೂವು. ಅದನ್ನ ಕೂಸಿನ ಜೋಡಿ ಮಣ್ಣಾಗ ಇಟ್ಟೇವಿ. ಎರಡನೇದಕ್ಕೂ ಹಂಗ ಹೊಲದೆ. ಅದನ್ನೂ ಇಟ್ಟೇವಿ. ಮೂರನೇದಕ್ಕ ನಡುವಿನ ಚೌಕ ಕತ್ತರಿಸಾಕ ಕುಂತ್ರ ಕೈ ಬರಲಿಲ್ಲ. ಹಳೇ ಗುರುತ ಒಂದೂ ಬ್ಯಾಡ, ನೋಡಿದ್ರ ಇದು ರಾಚಿ ಕೌದಿ ಅಂತ ಯಾರಿಗೂ ತಿಳೀಬಾರದು ಅಂತ ಹೊಲದೇನಿ. ಬುದ್ಧಿಯಿಂದ ಹೊಲದಿಲ್ಲ, ಅಂಜಿ ಹೊಲದೇನಿ. ಬಿಡು ಈಗ."

ಮೋಹಿನಿ ಬಿಟ್ಟಳು. ಸೂಟಿನವನು ಏನೆಂದು ಕೇಳಿದ. ಅವಳು ದರವಾನನ ಸ್ಟೂಲು ಎಳೆದು ಹತ್ತಿ ತಾನೇ ಮೊಳೆಗಳಿಂದ ಕೌದಿ ಬಿಡಿಸಿದಳು, ಮಡಿಸಿ ರಾಚವ್ವನ ಕೈಗಿಟ್ಟಳು. ಆಮೇಲೆ ಬೀದಿಗೆ ಓಡಿ ಟ್ಯಾಕ್ಸಿ ತಂದಳು, ತಾನೂ ಹತ್ತಿದಳು. ಅವಳ ಪ್ರದರ್ಶನದ ನಡುಗೋಡೆ ಹಿಂದೆ ಬರಿದಾಗಿ ಉಳಿಯಿತು.

ಕ್ರಾಫರ್ಡ್ ಮಾರ್ಕೆಟ್ಟಿನ ಎದುರು ಟ್ಯಾಕ್ಸಿಯೂ ನಿಂತಿತು. ಮೋಹಿನಿ ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಹಣ್ಣಿನ ಗಾಡಿಯವರನ್ನೆಲ್ಲ ಬೈದಳು. ಉಡುಪಿ ಹೋಟೆಲಿನವರ ಮನೆಯ ಹುಡುಗಿಗೆ ಅಂಥ ಮಾತು ಬರುತ್ತದೆಂದು ರಾಚವ್ವ ಎಣಿಸಿರಲಿಲ್ಲ. ದಾರಿ ಬಿಟ್ಟರು.

ಚಾಳಿನ ಮೆಟ್ಟಿಲ ಮೇಲೆ ಹೆಂಗಸರು ತುಂಬಿದ್ದರು. ಸಿದ್ದರಾಮಪ್ಪ ಗ್ಯಾಲರಿಯಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಅವನನ್ನು ಹೊರಗೆ ಹಾಕಿದ್ದಾರೆಂದರೆ ಆಸ್ಪತ್ರೆಯ ಹೊತ್ತು ಮೀರಿದೆ ಎಂದೇ ಅರ್ಥ. ರಾಚವ್ವ ಬಾಗಿಲು ತಳ್ಳಿದಳು.

ಶರಣವ್ವ ನೆಲಕ್ಕೊರಗಿದ್ದಳು. ಅವ್ವನ ಕೈಯಲ್ಲಿ ಕೌದಿ ಕಂಡು ಕೈ ಚಾಚಿದಳು. ರಾಚವ್ವ ಸೆರಗಿನ ಗಂಟು ಬಿಚ್ಚಿ ತುತ್ತನ್ನು ಆ ಕೈಯೊಳಗಿಡುವಷ್ಟರಲ್ಲಿ ಮತ್ತೊಂದು ನೋವು ಬಂತು, ತುತ್ತು ಎಲ್ಲೋ ಬಿತ್ತು, ಆ ನೋವಿನ ಜೊತೆಗೇ ಕೂಸೂ ಬಂತು.

ಅಳಲಿಲ್ಲ.

ಮಲ್ಲವ್ವ ಕೂಸನ್ನು ಕಾಲು ಹಿಡಿದು ಎತ್ತಿದಳು, ಬೆನ್ನಿಗೆ ಬಡಿದಳು. ಬಾಯಿಯೊಳಗೆ ಬೆರಳು ಹಾಕಿ ತೆಗೆದಳು. ಮತ್ತೆ ಬಡಿದಳು. ಕೂಸು ನೀಲಿಗಟ್ಟಿತ್ತು. ರಾಚವ್ವ ನೆಲದ ಮೇಲೆ ಕೈಯಾಡಿಸಿ ತುತ್ತು ಹುಡುಕಿದಳು. ಸೂಜಿ ಬೆರಳಿಗೆ ಸಿಕ್ಕಿತ್ತು. ಈಗಲಾದರೂ ಇಟ್ಟು ಮುಚ್ಚಿದರೆ, ನಾಲ್ಕೇ ನಾಲ್ಕು ಹೊಲಿಗೆ ಹಾಕಿದರೆ…

"ಸೂಜಿ ಒಗಿ, ರಾಚೀ!" ಮಲ್ಲವ್ವ ಕಿರುಚಿದಳು. "ಕೂಸ ಹಿಡಿ, ಮೈ ತಿಕ್ಕು!"

ರಾಚವ್ವ ಒಂದು ಕ್ಷಣ ಸೂಜಿಯನ್ನು ನೋಡಿದಳು. ಹಲ್ಲಿನಿಂದ ದಾರ ಕಡಿದಳು, ಸೂಜಿಯನ್ನು ಗೋಡೆಯ ಗೂಡಿಗೆ ಎಸೆದಳು, ಕೂಸನ್ನು ಕೌದಿಯೊಳಗೆ ತೆಗೆದುಕೊಂಡು ತಿಕ್ಕತೊಡಗಿದಳು. ಹೊಲಿಗೆಗಳು ಒರಟಾಗಿದ್ದವು. ಬೆನ್ನು ತಿಕ್ಕಿದಳು, ಎದೆ ತಿಕ್ಕಿದಳು, ಅಂಗಾಲು ತಿಕ್ಕಿದಳು. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. "ಅಳು, ಅಳು, ಅಳ ನನ ಕೂಸ, ಅಳು," ಎಂದಷ್ಟೇ ಅನ್ನುತ್ತಿದ್ದಳು. ತೋಳು ಸೋತಿತು. ಮೋಹಿನಿ ಯಾವಾಗ ಒಳಗೆ ಬಂದಳೋ, ಪಕ್ಕದಲ್ಲಿ ಕೂತು ಪುಟ್ಟ ಕಾಲುಗಳನ್ನು ತಿಕ್ಕುತ್ತಿದ್ದಳು.

ಮೊದಲು ಒಂದು ಸೀನು ಬಂತು. ಆಮೇಲೆ ಅಳು. ಸಣ್ಣದಾಗಿ ಶುರುವಾಗಿ, ಗ್ಯಾಲರಿಯ ಆ ತುದಿಯವರೆಗೂ ಕೇಳುವಷ್ಟು ದೊಡ್ಡದಾಯಿತು. ಹೊರಗೆ ಸಿದ್ದರಾಮಪ್ಪನೂ ಗಟ್ಟಿಯಾಗಿ ಅತ್ತದ್ದು ಒಳಗಿನವರಿಗೆ ಕೇಳಿಸಿತು. ಮಲ್ಲವ್ವ ಮೂಗು ಒರೆಸಿಕೊಂಡು, ಹೆಣ್ಣು ಎಂದಳು.

ಕೌದಿಯ ಕಪ್ಪು, ಕೆಂಪು, ಹಸಿರು ಎಲ್ಲ ಒದ್ದೆಯಾಗಿ ಕಲೆಗಟ್ಟಿತ್ತು. ಇನ್ನು ಅದು ಯಾವ ಗೋಡೆಗೂ ಹೋಗುವಂತಿರಲಿಲ್ಲ. ಮೋಹಿನಿ ಅದನ್ನು ನೋಡಿದಳು, ಅದರ ತುದಿಯನ್ನೇ ಕೂಸಿನ ಕಾಲಿಗೆ ಹೊದಿಸಿದಳು.

"ಅವ್ವಾ," ಎಂದಳು ಶರಣವ್ವ, ಕಣ್ಣು ತೆರೆಯದೆ. "ಮೂಲಿ ಮುಚ್ಚಿದೇನ?"

ಹೌದು ಎಂದುಬಿಡಬಹುದಿತ್ತು. ಮಲ್ಲವ್ವ ಹಾಗೇ ಹೇಳೆಂದು ಕಣ್ಸನ್ನೆ ಕೂಡ ಮಾಡಿದಳು. ರಾಚವ್ವನಿಗೆ ಆಗಲಿಲ್ಲ.

"ಇಲ್ಲವ್ವಾ. ಮುಚ್ಚಾಕ ಆಗಲಿಲ್ಲ. ಕೂಸು ಅಳಾಕತ್ತೈತಿ, ಕೇಳ."

ಶರಣವ್ವ ಉಸಿರು ಬಿಗಿಹಿಡಿದು ಕೇಳಿದಳು. ಅಳು ನಿಂತಿತು. ಕೂಡಲೇ ಅವಳ ಕೈ ಕೂಸಿನ ಕಡೆ ತಡಕಾಡಿತು.

"ಇನ್ನೊಮ್ಮಿ ಅಳಸು," ಎಂದಳು.